ಅಂಬರಗುಬ್ಬಿಗೊಂದು ಪ್ರಭಾವಳಿ

ನಂಜನಗೂಡಿನ ಸ್ಟುಡಿಯೋದವನು ನನ್ನ ಅಂಬರಗುಬ್ಬಿಗೆ ಏನು ಮಾಡಿಟ್ಟಿದ್ದ, ಹೇಳಿ ನೋಡೋಣ? ನಿಮಗೆ ಹೊಳೆಯೋದಿಲ್ಲ ಬಿಡಿ.

ಹದಿನಾರು ಅನ್ನೋ ಊರಿನ ಕೆರೆಯ ಮೇಲೆ ಆ ಹಕ್ಕಿ ಬಾಣದ ಹಾಗೆ ಹಾರುತ್ತೆ ಕಣ್ರೀ. ಕ್ಯಾಮೆರಾ ತಿರುಗಿಸೋಷ್ಟರಲ್ಲಿ ಬರೀ ಆಕಾಶ! ರಿಟೈರ್ ಆದಮೇಲೆ ಎಷ್ಟೋ ಬೆಳಗು ಅಲ್ಲೇ ಕಳೆದು, ಕಣ್ಣೂ ರೆಕ್ಕೆಯೂ ಸ್ಪಷ್ಟವಾಗಿರೋ ಒಂದೇ ಒಂದು ಚಿತ್ರ ಸಿಕ್ಕಿತು. ಕಂಪ್ಯೂಟರಿನಲ್ಲಿ ಶಾರ್ಪ್ ಮಾಡಿದರೆ ಹಕ್ಕಿಯ ಸುತ್ತ ಬಿಳಿ ಅಂಚು ಎದ್ದಿತು. ಇದಕ್ಕೆ ಹೇಲೋ ಅಂತಾರೆ. ಫೋಟೋ ಪ್ರದರ್ಶನದಲ್ಲಿ ಕಂಡರೆ ಮಾನ ಹೋದಂತೆ. ಶಾರ್ಪ್ ಇಳಿಸಿ, ಅಂಚನ್ನು ಒರೆಸಿ ಒರೆಸಿ, ಕೂದಲೆಳೆಯಷ್ಟು ಉಳಿದಾಗ ಪ್ರಿಂಟಿಗೆ ಕೊಟ್ಟೆ. ಸಂಜೆಯೇ ನರಸೀಪುರದಲ್ಲಿ ಪ್ರದರ್ಶನ.

ಪ್ರಿಂಟ್ ತರೋಕೆ ಸ್ಟುಡಿಯೋಗೆ ಹೋಗಿ ನೋಡಿದರೆ ಗುಬ್ಬಿಯ ಸುತ್ತ ಹಳದಿ ಬೆಳಕು ಧಗಧಗ!

"ಏನಯ್ಯಾ ಇದು?"

"ಪ್ರಭಾವಳಿ ಸಾ. ನೀವು ಆಕಿದ್ದು ಮಾಸೋಗಿತ್ತು. ದೇವರ ಪಟಕ್ಕೆ ಆಕೋ ಅಂಗೇ ಆಕ್ಕೊಟ್ಟಿವ್ನಿ."

"ಅದನ್ನ ತೆಗೆಯೋಕೇ ವಾರವೆಲ್ಲ ಕೂತಿದ್ದೆ ಕಣಯ್ಯಾ! ಬೇರೆ ಪ್ರಿಂಟ್ ತೆಗಿ!"

ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. "ಬೈಬ್ಯಾಡ ಕಣಪ್ಪ. ನಿಂಗೆ ಬ್ಯಾಡದಿದ್ರೆ ಆ ಗರುಡಪ್ಪನ್ನ ನಂಗೆ ಕೊಟ್ಬುಡು."

ಮುಷ್ಟಿಯಷ್ಟು ಗುಬ್ಬಿ, ಗರುಡಪ್ಪ! ನನ್ನ ಅಪ್ಪಟ ಪ್ರಿಂಟನ್ನು ನರಸೀಪುರದಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಅಜ್ಜಿಯದು ಮಾತ್ರ ನೇರ ದೇವರ ಗೂಡಿಗೆ ಹೋಯಿತು. ಅವರನ್ನಾದರೂ ಹೇಗೆ ದೂರಲಿ, ಅವತ್ತು ಗರುಡ ಪಂಚಮಿ.