ಗ್ರೇಸಿ ಆಂಟಿಯ ಸ್ಪೀಡು

ಫೆಬ್ರವರಿ ೯, ೨೦೨೫, ಭಾನುವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬರೆಯಲು ಕೂತಿದ್ದೇನೆ. ಪಕ್ಕದ ಕೋಣೆಯಲ್ಲಿ ತಾತನ ಫೋನು ಮಾತಾಡುತ್ತಿದೆ.

ಗ್ರೇಸಿ ಆಂಟಿಯ ಫೋನು ಮಾತಾಡುತ್ತಿರಲಿಲ್ಲ, ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಚಟಪಟ ಸಿಡಿಯುತ್ತಿತ್ತು. ಅವರಿಗೆ ಹುಟ್ಟಿನಿಂದಲೂ ಕಣ್ಣು ಕಾಣದು. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಸ್ಕ್ರೀನ್ ರೀಡರನ್ನು ಅವರು ಎಷ್ಟು ವೇಗಕ್ಕೆ ಇಟ್ಟಿದ್ದರೆಂದರೆ ಅದರಲ್ಲಿ ಒಂದು ಪದವೂ ನನ್ನ ಕಿವಿಗೆ ಸಿಗುತ್ತಿರಲಿಲ್ಲ. ಎಡಗಿವಿಯಲ್ಲಿ ಅದನ್ನು ಕೇಳುತ್ತಾ ಬಲಗಿವಿಯಲ್ಲಿ ನನ್ನ ಮಾತು ಕೇಳಿ, ಎರಡಕ್ಕೂ ಉತ್ತರ ಕೊಡುತ್ತಿದ್ದರು. ಸ್ಪೀಡ್ ಎಷ್ಟಕ್ಕೆ ಇಟ್ಟಿದ್ದೀರಿ ಆಂಟಿ ಎಂದು ನಾನು ಮೊದಲ ದಿನವೇ ಕೇಳಿದೆ. ಅಂಕಿ ಸಿಕ್ಕಿದರೆ ಡೈರಿಯಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ.

"ಹೆಂಗಸರ ಪ್ರಾಯ ಮತ್ತೆ ನನ್ನ ಸ್ಪೀಡ್, ಎರಡೂ ಕೇಳ್ಲಿಕ್ಕಿಲ್ಲ ಮಾರಾಯ್ತಿ," ಎಂದರು.

ಅದು ೨೦೨೨ರ ಆಗಸ್ಟ್. ಕಾರಿಲ್ಲದೆ ಹಾಲು ತರುವುದೂ ಆಗದ ಕ್ಯಾರಿ ಎಂಬ ಈ ಅಮೆರಿಕನ್ ಊರಿನಲ್ಲಿ, ಭಾನುವಾರ ಅವರನ್ನು ಚರ್ಚಿಗೂ ಇಂಡಿಯನ್ ಸ್ಟೋರಿಗೂ ಕರೆದುಕೊಂಡು ಹೋಗುವವರು ಬೇಕೆಂದು ಕನ್ನಡ ಕೂಟದ ವಾಟ್ಸಾಪ್‌ನಲ್ಲಿ ಬಂದಿತ್ತು. ನನಗೆ ಆಗತಾನೇ ಲೈಸೆನ್ಸ್ ಸಿಕ್ಕಿತ್ತು, ಹೆಸರು ಕೊಟ್ಟೆ. ಆಂಟಿ ಉಡುಪಿ ಕಡೆಯವರು, ಒಬ್ಬರೇ ಅಪಾರ್ಟ್‌ಮೆಂಟಿನಲ್ಲಿದ್ದರು. ಕಾರು ಯಾವ ತಿರುವಿನಲ್ಲಿದೆ ಎಂದು ನನಗಿಂತ ಮೊದಲು ಅವರಿಗೇ ತಿಳಿಯುತ್ತಿತ್ತು. ನಾನು ಬಾಗಿಲು ಹಾಕಿದ ಸದ್ದಿನಲ್ಲೇ, ಇವತ್ತು ಅಮ್ಮನ ಹತ್ತಿರ ಜಗಳ ಮಾಡಿ ಬಂದದ್ದಾ ಎಂದು ಕೇಳುತ್ತಿದ್ದರು.

ಕಣ್ಣು ಕಾಣದವರು ಒಂದು ವೆಬ್‌ಸೈಟನ್ನು ಬಳಸಲು ಆಗುತ್ತದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಡಾಕ್ಟರ್ ಅಪಾಯಿಂಟ್‌ಮೆಂಟ್, ಬ್ಯಾಂಕು, ಬಸ್ಸಿನ ಟಿಕೆಟ್ಟು, ಎಲ್ಲವೂ ಅವರ ಕಿವಿಯನ್ನು ದಾಟಿ ಹೋಗಬೇಕಿತ್ತು. ಪುಟದ ಗುಂಡಿಗಳಿಗೆ ಹೆಸರು ಕೊಡದ ಸಾಫ್ಟ್‌ವೇರ್ ಹುಡುಗರ ಮೇಲೆ ಅವರಿಗೆ ಬಹಳ ಸಿಟ್ಟು. ಬಟನ್, ಬಟನ್, ಬಟನ್ ಅಂತ ಹೇಳ್ತದೆ, ಎಂತದ್ದು ಬಟನ್ ಅಂತ ಹೇಳುದಿಲ್ಲ, ಇದೆಂತ ಅಂಗಿಯಾ ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ನನ್ನ ತಾತನ ಕಣ್ಣು ಪೂರ್ತಿ ಹೋಯಿತು. ನಾನು ಹತ್ತು ವರ್ಷದವಳಾಗಿ ಇಲ್ಲಿಗೆ ಬಂದಾಗಿನಿಂದ ನನಗೆ ಕನ್ನಡ ಕಲಿಸಿದವರು ತಾತ. ಮೈಸೂರಿನ ಮುದ್ರಣಾಲಯವೊಂದರಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿದವರು. ಹೋಟೆಲಿನ ಮೆನು ಕಾರ್ಡನ್ನೂ ಪೆನ್ನಿಲ್ಲದೆ ಓದದವರು. ಗ್ಲಾಕೋಮ ಕಣ್ಣನ್ನು ತೆಗೆದುಕೊಂಡ ಮೇಲೆ ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ಇನ್ನು ಇದು ನಿನಗೆ ಎಂದರು. ಊಟಕ್ಕೂ ಕೋಣೆಯಿಂದ ಹೊರಗೆ ಬರುವುದನ್ನು ಬಿಟ್ಟರು. ನಾನು ಓದಿ ಹೇಳುತ್ತೇನೆ ಎಂದರೆ, "ನೀನು ಅರ್ಥ ಓದ್ತೀಯ ಪುಟ್ಟಿ, ನನಗೆ ಅಕ್ಷರ ಬೇಕು," ಎಂದು ಗೋಡೆಯ ಕಡೆ ತಿರುಗಿದರು. ಅವತ್ತಿನ ಡೈರಿಯಲ್ಲಿ ಆ ಒಂದು ವಾಕ್ಯ ಮಾತ್ರ ಇದೆ.

ಮಾರ್ಚ್ ೧೨, ೨೦೨೩ರಂದು, ತಾತನ ವಿಷಯ ನನ್ನಿಂದ ತಿಳಿದಿದ್ದ ಗ್ರೇಸಿ ಆಂಟಿ ಚರ್ಚಿನಿಂದ ನೇರ ನಮ್ಮ ಮನೆಗೆ ಬಂದರು. ಮುದ್ರಣಾಲಯದ ದಿನಗಳ ಬಗ್ಗೆ ತಾತ ಹಿಂದೆ ಬರೆದಿದ್ದ ಲೇಖನ ಕೂಟದ ಸ್ಮರಣಸಂಚಿಕೆಯಲ್ಲಿ ಬಂದಿತ್ತು. ಅದರ ಪಿಡಿಎಫ್ ಅನ್ನು ತಾತನ ಫೋನಿನಲ್ಲಿ ತೆರೆದು, ಸ್ಕ್ರೀನ್ ರೀಡರಿಗೆ ಕನ್ನಡದ ದನಿ ಹಾಕಿಕೊಟ್ಟರು. ಫೋನು ಬಾಯಿ ತೆರೆದು ಎ, ಡಾಲರ್, ಬ್ರಾಕೆಟ್, ಕ್ಯೂ ಎಂದು ಬಡಬಡಿಸಿತು. ಕೂಟದವರು ಅದನ್ನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ನೋಡುವವರಿಗೆ ಅದು ಮುದ್ದಾದ ಕನ್ನಡ, ಒಳಗಿರುವುದೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ.

ತಾತ ಎದ್ದು ಹೋಗಲು ಕೋಲು ಹುಡುಕುತ್ತಿದ್ದರು. ಆಂಟಿ ನಕ್ಕರು. "ಇದು ಕನ್ನಡದ ವೇಷ ಕಟ್ಟಿದ ಇಂಗ್ಲಿಷ್ ಸರ್. ಕೂತ್ಕೊಳ್ಳಿ, ವೇಷ ಕಳಚುವಾ."

ಹಳೆಯ ಫಾಂಟನ್ನು ಫೋನು ಕನ್ನಡವೆಂದು ಗುರುತಿಸುವ ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದರು. ಫೋನು ಮತ್ತೆ ಶುರು ಮಾಡಿತು, ಈ ಸಲ ಕನ್ನಡದಲ್ಲಿ, ತೀರಾ ನಿಧಾನವಾಗಿ: ಸೂಯರ್ ಹುಟ್ಟುವ ಮೊದಲೇ ನಾವು ಮುದ್ರಣಾಲಯದ ಬಾಗಿಲಲ್ಲಿ ನಿಂತಿರುತ್ತಿದ್ದೆವು.

"ನಿಲ್ಲಿಸು," ಎಂದರು ತಾತ. "ಈ ಸೂಯರ್ ಯಾರು?"

ನಾನು ಪರದೆ ನೋಡಿದೆ. ಸೂರ್ಯ ಎಂದಿರಬೇಕಾದಲ್ಲಿ ಅರ್ಕಾವೊತ್ತು ಜಾಗ ತಪ್ಪಿ ಕೂತಿತ್ತು. ನಾನು ಹೇಳುವ ಮೊದಲೇ ತಾತ ಅದನ್ನು ಹೇಳಿದರು. ಮುಂದೆ ವರ್ಷ ವಷರ್ ಆಗಿತ್ತು, ಕಾರ್ಯ ಕಾಯರ್ ಆಗಿತ್ತು. ಒಂದನ್ನೂ ಬಿಡದೆ ಕಿವಿಯಿಂದಲೇ ಹಿಡಿದರು. ಬಲಗೈಯ ಬೆರಳುಗಳು ಪೆನ್ನು ಹಿಡಿದ ಹಾಗೆ ಮಡಿಚಿಕೊಂಡಿದ್ದವು. ಆ ಕೋಣೆಯಲ್ಲಿ ನೋಡಬಲ್ಲವಳು ನಾನೊಬ್ಬಳೇ, ಆದರೆ ಓದುತ್ತಿದ್ದವರು ಅವರಿಬ್ಬರು.

"ಸರ್, ನಿಮ್ಮ ಕಣ್ಣು ಕಿವಿಗೆ ಟ್ರಾನ್ಸ್‌ಫರ್ ಆಗಿದೆ," ಎಂದರು ಆಂಟಿ. "ಜಾಯಿನ್ ಆಗಿ ಬಿಡಿ."

ಅವರನ್ನು ಮನೆಗೆ ಬಿಡಲು ಹೋಗುವಾಗ, ಅರ್ಕಾವೊತ್ತನ್ನು ಸರಿಯಾಗಿ ಕೂರಿಸುವ ಬೇರೆ ತಂತ್ರಾಂಶ ಹುಡುಕುತ್ತೇನೆ ಎಂದೆ.

"ಅದು ನನ್ನ ಹತ್ತಿರ ಉಂಟು. ನಾನೇ ಹಾಕ್ಲಿಲ್ಲ," ಎಂದರು ಆಂಟಿ. "ತಪ್ಪು ಇಲ್ಲದಿದ್ರೆ ಅವರು ಎಂತ ಮಾಡುದು, ಹೇಳು?"

ತಾತ ಆ ರಾತ್ರಿ ಊಟಕ್ಕೆ ಮೇಜಿಗೆ ಬಂದರು. ಬೇಸಿಗೆಯ ಹೊತ್ತಿಗೆ ಕೂಟದ ಸಂಚಿಕೆಯ ಕರಡುಗಳೆಲ್ಲ ಅವರ ಫೋನಿಗೆ ಬರತೊಡಗಿದವು. ಈಗಲೂ ಬರುತ್ತಿವೆ.

ಕಳೆದ ವರ್ಷ ಆಂಟಿ ಕಾಯಿಲೆ ಬಿದ್ದು, ಬೇರೆ ರಾಜ್ಯದ ಸುವಾನಿಯಲ್ಲಿರುವ ತಂಗಿಯ ಮನೆಗೆ ಹೋದರು. ಜೂನ್ ೧೫ರಂದು ತಾತನನ್ನು ಕೂರಿಸಿಕೊಂಡು ಆರು ಗಂಟೆ ಡ್ರೈವ್ ಮಾಡಿ ಹೋದೆ. ಆಂಟಿ ಬಹಳ ಇಳಿದಿದ್ದರು. ತಾತ ತಮ್ಮ ಫೋನಿನ ವೇಗವನ್ನು ನೂರರ ಅಳತೆಯಲ್ಲಿ ಅರವತ್ತಕ್ಕೆ ಏರಿಸಿದ್ದನ್ನು ಹೆಮ್ಮೆಯಿಂದ ಕೇಳಿಸಿದರು. ಆಂಟಿ ದಿಂಬಿಗೆ ಒರಗಿಕೊಂಡೇ ಕೇಳಿ, "ಎತ್ತಿನ ಗಾಡಿ ಸರ್," ಎಂದು ತಮ್ಮದನ್ನು ಹಚ್ಚಿದರು. ಸಾಸಿವೆ ಸಿಡಿಯಿತು. ತಾತ ಬಗ್ಗಿ, ಉಸಿರು ಹಿಡಿದು ಕೇಳಿದರು. ಕೊನೆಗೆ, ಒಂದು ಪದ ಸಿಕ್ಕಿತು ಎಂದರು. ಯಾವುದೆಂದು ಆಂಟಿ ಕೇಳಿದರು. "ಬಟನ್." ಇಬ್ಬರೂ ಕೆಮ್ಮು ಬರುವವರೆಗೆ ನಕ್ಕರು.

ಅಕ್ಟೋಬರ್‌ನಲ್ಲಿ ಗ್ರೇಸಿ ಆಂಟಿ ತೀರಿಕೊಂಡರು. ಅವರ ಫೋನಿನ ಪಾಸ್‌ಕೋಡ್ ತಂಗಿಗೂ ಗೊತ್ತಿಲ್ಲ.

ಇಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ತಾತ ಕೇಳಿದರು, ಗ್ರೇಸಮ್ಮನ ಸ್ಪೀಡು ಎಷ್ಟಕ್ಕಿತ್ತು ಎಂದು. ನನ್ನ ಡೈರಿಯಲ್ಲಿ ಆ ಅಂಕಿಯ ಜಾಗ ಮೊದಲ ದಿನದಿಂದಲೂ ಖಾಲಿ ಇದೆ. ಇದನ್ನು ಓದುತ್ತಿರುವವರೇ, ಆಂಟಿ ಆಫೀಸಿನಲ್ಲೋ ಚರ್ಚಿನಲ್ಲೋ ನಿಮ್ಮ ಜೊತೆ ಕೂತಿದ್ದರೆ, ಯಾವಾಗಲಾದರೂ ಬಾಯಿ ತಪ್ಪಿ ಆ ಸಂಖ್ಯೆ ಹೇಳಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ. ತಾತನದು ಎಪ್ಪತ್ತೆರಡಕ್ಕೆ ಬಂದಿದೆ. ಇನ್ನೂ ಎಷ್ಟು ದೂರ ಹೋಗಬೇಕೆಂದು ಅವರಿಗೆ ಗೊತ್ತಾಗಬೇಕಂತೆ.