ಮೈದುನನ ಪಾಳಿಯಲ್ಲಿ ಇಳಿಯುವ ಎಣ್ಣೆ

ನಮ್ಮ ಗಾಡಿಯನ್ನು ಓಡಿಸುವವರು ಇಬ್ಬರು. ಎಂಜಿನ್ ನೋಡಿಕೊಳ್ಳುವವಳು ನಾನು. ಸವಣೂರಿನ ತೋಟಗಳಿಂದ ವೀಳ್ಯದೆಲೆ ಹೊತ್ತು ತಿರುಗುವ ಹಳೆಯ ಡೀಸೆಲ್ ಗಾಡಿ. ಮೀಟರು ಎಂದೋ ನಿಂತುಹೋಗಿದೆ. ನಿಲ್ಲುವ ಮೊದಲು ಓಡಿದ್ದೇ ಎರಡು ಗಾಡಿಗಳ ಆಯುಷ್ಯದಷ್ಟು. ಗ್ಯಾರೇಜಿಗೆ ಬಿಟ್ಟರೆ ದಿನದ ಕೆಲಸ ಕೆಡುತ್ತದೆಂದು ಫಿಲ್ಟರು, ಬೆಲ್ಟು, ಎಣ್ಣೆ ಎಲ್ಲ ಮನೆಯಲ್ಲೇ ಕಲಿತೆ. ಚಹಾಕ್ಕೆ ನೀರಿಟ್ಟು, ಅದು ಕುದಿಯುವುದರೊಳಗೆ ಬಾನೆಟ್ ಎತ್ತಿ, ಹಳೆಯ ಸೀರೆಯ ಚೂರಿನಿಂದ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ಒರೆಸಿ, ಮತ್ತೆ ಅದ್ದಿ ನೋಡುವುದು ನನಗೆ ಅಂಗಳ ಗುಡಿಸಿದಷ್ಟೇ ರೂಢಿ.

ವಾರದ ಮೊದಲರ್ಧ ಮನೆಯವರ ಪಾಳಿ. ಹಮಾಲರನ್ನು ಕೂರಿಸಿಕೊಂಡು ಹಾನಗಲ್, ಹಿರೇಕೆರೂರಿಗೆ ಹೋಗುತ್ತಾರೆ. ಉಳಿದರ್ಧ ಮೈದುನನದು. ಅವನೊಬ್ಬನೇ ಎಲೆಯ ಕಟ್ಟುಗಳನ್ನು ಯಲವಿಗಿ ಸ್ಟೇಷನ್ನಿಗೆ ಮುಟ್ಟಿಸುತ್ತಾನೆ. ಬ್ಯಾಟರಿ ಸೋತ ಗಾಡಿ. ತಳ್ಳಲು ಜನರಿಲ್ಲದ ಅವನು ಸಂಜೆ ಓಣಿಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಾನೆ. ಬೆಳಿಗ್ಗೆ ಬ್ರೇಕ್ ಬಿಟ್ಟರೆ ಉರುಳುತ್ತ ಚಾಲೂ ಆಗುತ್ತದೆ. ಆ ಪಾಳಿಯೇ ಅವನ ಸಂಸಾರದ ದುಡಿಮೆ, ಬೇರೆ ಏನೂ ಇಲ್ಲ.

ಮಳೆಗಾಲ ಕಳೆದ ಮೇಲೆ ಗಮನಿಸಿದೆ: ಅವನ ಪಾಳಿ ಬಂತೆಂದರೆ ಎಣ್ಣೆ ಕಡ್ಡಿಯ ಕೆಳಗಿನ ಗೆರೆಗೆ ಇಳಿದಿರುತ್ತದೆ. ನೆಲದ ಮೇಲೆ ಹನಿಯ ಕಲೆಯಿಲ್ಲ. ಸೋರದ ಎಣ್ಣೆ ಹೋಗುವುದೆಲ್ಲಿಗೆ? ಡಬ್ಬಿಯಿಂದ ಸುರಿದೆ. ಮುಂದಿನ ವಾರವೂ ಅದೇ. ಮತ್ತೆ ಸುರಿದೆ. ಮನೆಯವರ ಪಾಳಿಯಲ್ಲಿ ಮಾತ್ರ ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ನಿಂತಿರುತ್ತಿತ್ತು. ಅದನ್ನು ಅವರ ಜೋಪಾನವೆಂದುಕೊಂಡೆ.

ಆಮೇಲೆ ನನ್ನ ಕಣ್ಣು ಮೈದುನನ ಬೆನ್ನ ಹಿಂದೆಯೇ. ಯಲವಿಗಿಯಿಂದ ಬರಲು ಇಷ್ಟು ಹೊತ್ತೇಕೆ? ಸೀಟಿನ ಹಿಂದೆ ಖಾಲಿ ಕ್ಯಾನು ಏಕೆ? ಮೂಸಿ ನೋಡಿದೆ, ಡೀಸೆಲ್ಲೋ ಎಣ್ಣೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಗಾಡಿ ನೀಲಿ ಹೊಗೆ ಉಗುಳತೊಡಗಿತು.

“ವೈನಿ, ನೀವೇನರ ಸುಟ್ಟ ಎಣ್ಣಿನ ಮತ್ತ ಹಾಕಾಕತ್ತೀರೇನು?” ಎಂದು ಅವನೇ ನನ್ನನ್ನು ಕೇಳಿದ. ಎಷ್ಟು ಧೈರ್ಯ ಎನಿಸಿತು.

ಹಿರೇಬೆಂಡಿಗೇರಿಯಲ್ಲಿ ಅವನ ಮಾವನ ಮನೆಯ ಸೀಮಂತಕ್ಕೆ ಹೋದಾಗ ನನ್ನ ಸಂಶಯ ಗಟ್ಟಿಯಾಯಿತು. ಅಲ್ಲಿ ಹೊಸ ದನದ ಕೊಟ್ಟಿಗೆ. ಗೆದ್ದಲು ಹತ್ತದಂತೆ ಕಂಬಗಳಿಗೆಲ್ಲ ಎಂಜಿನ್ನಿನ ಕಪ್ಪೆಣ್ಣೆ ಬಳಿದಿದ್ದರು. ನಮ್ಮ ಕಡೆ ಎಲ್ಲರೂ ಬಳಿಯುತ್ತಾರೆ. ಆದರೂ ಕಂಬಕ್ಕೆ ಬೆರಳು ಹಚ್ಚಿ ನೋಡಿದೆ. ಮನೆಗೆ ಬಂದವಳೇ ಮನೆಯವರಿಗೆ ಹೇಳಿದೆ.

“ಖರೇ ಏನ? ಹಂಗಿದ್ರ ಬರೂ ವಾರದಿಂದ ಬ್ಯಾರೆ ಡ್ರೈವರನ್ನ ಇಡತೇನಿ. ತಮ್ಮ ಅಂತ ಎಷ್ಟಂತ ನೋಡೂದು?”

“ಕಡ್ಡಿ ಸುಳ್ಳ ಹೇಳತೈತೇನ್ರಿ?” ಎಂದೆ.

ಮರುದಿನ ಸಂಜೆ ಓಣಿಯ ಇಳಿಜಾರಿನಲ್ಲಿ ಯಾರೋ ಮನೆ ಕಟ್ಟಲು ಕಲ್ಲು ಇಳಿಸಿದ್ದರು. ಮೈದುನ ಮನೆಯೆದುರಿನ ಹಿಟ್ಟಿನ ಗಿರಣಿಯ ಮುಂದೆ, ಮನೆಯವರು ಯಾವಾಗಲೂ ನಿಲ್ಲಿಸುವ ಸಪಾಟು ಜಾಗದಲ್ಲಿ ಗಾಡಿ ನಿಲ್ಲಿಸಿದ್ದ. ಬೆಳಿಗ್ಗೆ ಕಡ್ಡಿ ಅದ್ದಿದೆ. ಎಣ್ಣೆ ಮೇಲಿನ ಗೆರೆಗಿಂತ ಎಷ್ಟೋ ಮೇಲೆ. ಒರೆಸಿ ಮತ್ತೆ ಅದ್ದಿದೆ. ಆಗಲೂ ಅಷ್ಟೇ ಇತ್ತು.

“ರಾತ್ರಿ ಎಣ್ಣಿ ಹಾಕಿದ್ಯೇನು?”

“ನಾ ಯಾಕ ಹಾಕ್ಲಿ, ವೈನಿ? ಆ ಡಬ್ಬಿ ನೀವು ಮುಟ್ಟಗೊಡತೀರೇನು?”

ಸಿಕ್ಕಿಬೀಳುವ ಹೆದರಿಕೆಗೆ ತುಂಬಿಸಿಟ್ಟನೇ? ಕಲ್ಲು ಬಿದ್ದ ಇಳಿಜಾರಿನ ಕಡೆ ನೋಡಿದೆ. ಎಂಜಿನ್ನಿನ ಹಿಂಬದಿಗೆ ಇರುವ ಕಡ್ಡಿಯ ಕಡೆ ನೋಡಿದೆ. “ಹಿಂದಿನ ಗಾಲಿಗೆ ಜಾಕ್ ಹಚ್ಚಿ ಎತ್ತು” ಎಂದೆ. ಯಾಕೆಂದು ಕೇಳದೆ ಎತ್ತಿದ. ಗಾಡಿಯ ಮೂತಿ ತಗ್ಗಿತು. ಒಳಗೆ ಹೋಗಿ ಚಹಾ ಸೋಸಿಕೊಂಡು ಬಂದು ಕಡ್ಡಿ ಅದ್ದಿದೆ. ಎಣ್ಣೆ ಕೆಳಗಿನ ಗೆರೆಯ ಹತ್ತಿರ.

ಅವನೂ ಬಗ್ಗಿ ನೋಡಿದ. ತಿಳಿದದ್ದೇ ತಡ, ನಗು ತಡೆಯಲಾಗಲಿಲ್ಲ ಅವನಿಗೆ. “ಎಣ್ಣಿ ಎಲ್ಲಾ ಮುಂದ ಸರದೈತಿ! ಉಣಿಸಿ ಉಣಿಸಿ ಗಾಡಿ ಹೊಟ್ಟಿ ಉಬ್ಬರಿಸೀರಿ ನೋಡ್ರಿ. ಹೊಗಿ ಉಗುಳದ ಏನ ಮಾಡೀತು?”

ಜಾಕ್ ಇಳಿಸಿ, ತಳದ ನಟ್ಟು ಸಡಿಲಿಸಿ ಹೆಚ್ಚಿನ ಎಣ್ಣೆ ಬಸಿದೆ. ತಗಡಿನ ಬುಟ್ಟಿಗೆ ಬೀಳುತ್ತಿದ್ದ ಕಪ್ಪು ಧಾರೆ ನೋಡುತ್ತಲೂ ನನ್ನ ಬಾಯಿ ಸುಮ್ಮನಿರಲಿಲ್ಲ.

“ಮತ್ತ ನಿಮ್ಮ ಮಾವನ ಕಂಬಕ್ಕ ಬಳದ ಎಣ್ಣಿ?”

“ಅದು ಅವರ ಟ್ರ್ಯಾಕ್ಟರಿಂದು...” ಎನ್ನುತ್ತಿದ್ದವನು ನಿಲ್ಲಿಸಿದ. ಮುಖದ ನಗು ಇಳಿಯಿತು. “ಅಂದ್ರ? ನಿನ್ನೆಯಿಂದ ಅಣ್ಣ ನನ್ನ ಕೂಡ ಮಾತಾಡವಲ್ಲ. ಇದಕ್ಕೇನು?”

ಅಷ್ಟರಲ್ಲಿ ಮನೆಯವರು ಹಲ್ಲುಜ್ಜುತ್ತ ಹೊರಗೆ ಬಂದರು. ಅವನು ಗಾಡಿಯ ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟು ನನ್ನನ್ನೇ ನೋಡುತ್ತ ನಿಂತ. ನಾನೇ ಹೇಳಬೇಕಿತ್ತು.

“ಬ್ಯಾರೆ ಡ್ರೈವರ್ ಬ್ಯಾಡ್ರಿ. ಎಣ್ಣಿ ಯಾರೂ ತಗದಿಲ್ಲ. ನಾನ ಇಳಿಜಾರದಾಗ ಅಳದೇನಿ.”

ಮನೆಯವರು ತಮ್ಮನ ಕಡೆ ನೋಡಲಾರದೆ ಬಾಯಿ ಮುಕ್ಕಳಿಸಲು ತಿರುಗಿದರು. “ಬ್ಯಾರೆ ಡ್ರೈವರ್ ತನಕ ಹೋಗಿತ್ತೇನು ಮಾತು?” ಎಂದ ಮೈದುನ, ಮೆಲ್ಲಗೆ.

“ಪಾಳಿ ನಿಂದ ಐತಪ್ಪ. ಬಾ, ನಾಷ್ಟಾ ಮಾಡಿ ಹೋಗು” ಎಂದೆ.

ಕೀಲಿಕೈ ತೆಗೆದುಕೊಂಡ. ಗಿರಣಿಗೆ ಬಂದವರನ್ನು ಕರೆದು ಗಾಡಿ ತಳ್ಳಿಸಿ ಚಾಲೂ ಮಾಡಿದ.

“ನಾಷ್ಟಾ ಯಲವಿಗ್ಯಾಗ ಮಾಡತೇನ್ರಿ” ಎಂದು ಹೊರಟುಹೋದ. ನಾನು ಉಪ್ಪಿಟ್ಟಿನ ಬೋಗುಣಿಗೆ ಮುಚ್ಚಳ ಹಾಕಿಟ್ಟೆ.