ಲ್ಯಾಪ್‌ಟಾಪಿಗೆ ಬಂದ ಪೊರೆ

ಚೆನ್ನೈ ಶೋಳಿಂಗನಲ್ಲೂರಿನ ನಮ್ಮ ಆಫೀಸಿನಲ್ಲಿ ಕಳೆದ ತಿಂಗಳು ನನ್ನ ಹಳೆಯ ಲ್ಯಾಪ್‌ಟಾಪನ್ನು ವಾಪಸು ತೆಗೆದುಕೊಂಡು ಹೊಸದೊಂದನ್ನು ಕೊಟ್ಟರು. ತೆಳ್ಳಗೆ, ಬೆಳ್ಳಗೆ, ನೋಡಲು ಲಕ್ಷಣವಾಗಿತ್ತು. ತೆರೆದರೆ ಅಕ್ಷರವೆಲ್ಲ ಸಾಸಿವೆ ಚೆಲ್ಲಿದ ಹಾಗೆ. ತಂದುಕೊಟ್ಟ ಟೆಕ್ ಸಪೋರ್ಟಿನವನು, ‘ಸೂಪರ್ ರೆಸಲ್ಯೂಷನ್ ಮೇಡಂ!’ ಎಂದು ತಾನೇ ಹೆತ್ತವನಂತೆ ಬೀಗಿದ. ಆಮೇಲೆ ನನ್ನ ಮುಖ ನೋಡಿ, ‘ಎಳುತ್ತು ಚಿನ್ನದಾ ಇರುಕ್ಕಾ? ಪೆರಿಸು ಪಣ್ಣಟ್ಟುಮಾ?’ ಎಂದ. ಅಕ್ಷರ ಸಣ್ಣದಾಯಿತೇ, ದೊಡ್ಡದು ಮಾಡಿಕೊಡಲೇ ಅಂತ. ನನಗೆ ಎಲ್ಲಿಲ್ಲದ ಸ್ವಾಭಿಮಾನ ಬಂದುಬಿಟ್ಟಿತು. ‘ನೋ ನೋ, ಪರ್ಫೆಕ್ಟ್’ ಎಂದು ಅವನನ್ನು ಸಾಗಹಾಕಿದೆ.

ಅವನು ಹೋದಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಗದ್ದ ಮೇಲೆತ್ತಿ, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತ ಕೂತೆ. ಓದಿದ್ದು ಎರಡು ಸಾಲೂ ಇಲ್ಲ, ಪರದೆ ತಾನಾಗಿ ಆರಿ ಕಪ್ಪಾಯಿತು. ಆ ಕಪ್ಪಿನಲ್ಲಿ ನನ್ನ ಮುಖ ಕಾಣಿಸಿತು. ನನ್ನ ಮುಖವೆಲ್ಲಿ ಬಂತು, ಸಾಕ್ಷಾತ್ ಶೀನಿಮಾವನ ಮುಖ!

ಶೀನಿಮಾವ ಎಂದರೆ ನನ್ನ ಸೋದರಮಾವ. ಹುಟ್ಟಿದ್ದು ಮೈಸೂರು ಸೀಮೆಯಲ್ಲಿ, ದುಡಿದದ್ದು ರೈಲ್ವೆಯಲ್ಲಿ, ಗೂಡ್ಸ್ ಗಾಡಿಯ ಗಾರ್ಡ್ ಆಗಿ. ನಿವೃತ್ತಿಯಾದಮೇಲೆ ವೇಲಚೇರಿಯಲ್ಲೊಂದು ಫ್ಲ್ಯಾಟು ಕೊಂಡರು. ಬಾಲ್ಕನಿಯಲ್ಲಿ ನಿಂತರೆ ಸ್ಟೇಷನ್ನಿಗೆ ಬರುವ ಲೋಕಲ್ ಗಾಡಿ ಕಾಣಬೇಕು ಎನ್ನುವುದೊಂದೇ ಅವರ ಷರತ್ತು. ಮಳೆಗಾಲದಲ್ಲಿ ಅದೇ ಬಾಲ್ಕನಿಯಿಂದ ಕೆಳಗೆ ತೇಲುವ ಸ್ಕೂಟರುಗಳೂ ಕಾಣುತ್ತವೆ ಎನ್ನುವುದನ್ನು ಬಿಲ್ಡರ್ ಹೇಳಿರಲಿಲ್ಲ.

ಅವರ ಹೆಂಡತಿ ಪದ್ಮತ್ತೆ ಹುಟ್ಟಾ ಮದರಾಸಿನವರು. ಮನೆಮಾತು ಕನ್ನಡ, ಓದಿದ್ದು ತಮಿಳು. ಕನ್ನಡದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬಾಯಿ ಮುಚ್ಚದೆ ಮಾತಾಡಬಲ್ಲ ಅತ್ತೆಗೆ ಕನ್ನಡದ ಒಂದಕ್ಷರವೂ ಓದಲು ಬಾರದು. ‘ಎಲ್ಲಾ ಜಿಲೇಬಿ ಜಾಂಗಿರಿ ಮಾತಿರಿ ಸುತ್ತಿಕೊಂಡಿದೆ, ಓದೋದಾ ತಿನ್ನೋದಾ ತಿಳಿಯಲ್ಲ’ ಎನ್ನುತ್ತಿದ್ದರು. ಹೀಗಾಗಿ ಮದುವೆಯಾದ ಹೊಸತರಲ್ಲೇ ಒಂದು ಪದ್ಧತಿ ಬಿದ್ದಿತ್ತು. ಬೆಂಗಳೂರಿನಿಂದ ರೈಲಿನಲ್ಲಿ ಬರುವ ಕನ್ನಡ ಪೇಪರನ್ನು ಮಾವ ಸೆಂಟ್ರಲ್ ಸ್ಟೇಷನ್ನಿನ ಹತ್ತಿರ ಕೊಂಡು ತರುವುದು, ಮಾರನೆಯ ಬೆಳಿಗ್ಗೆ ಕಾಫಿಯ ಹೊತ್ತಿಗೆ ಗಟ್ಟಿಯಾಗಿ ಓದುವುದು, ಅತ್ತೆ ಸೊಪ್ಪು ಬಿಡಿಸುತ್ತ ಟೀಕೆ ಮಾಡುವುದು. ಸುದ್ದಿ ಒಂದು ದಿನ ಹಳಸಿರುತ್ತಿತ್ತು. ಇಡ್ಲಿ ಹಿಟ್ಟಿನ ಹಾಗೆ ಸುದ್ದಿಯೂ ಒಂದು ರಾತ್ರಿ ಹುಳಿ ಬಂದರೇ ಚೆನ್ನ ಎಂದು ಮಾವನ ಸಮಾಧಾನ. ಅವರಿಬ್ಬರ ಜಗಳ, ರಾಜಿ, ಸಂಸಾರದ ಗುಟ್ಟು ಎಲ್ಲವೂ ಆ ಪೇಪರಿನ ನೆಪದಲ್ಲೇ ನಡೆಯುತ್ತಿತ್ತು. ‘ನೋಡಿ, ಯಾವನೋ ಮಂತ್ರಿ ಹೆಂಡತಿ ಮಾತು ಕೇಳ್ತಾನಂತೆ’ ಎಂದು ಅತ್ತೆ ಎಳೆದರೆ ಅದು ಮಂತ್ರಿಯ ವಿಷಯವಾಗಿರುತ್ತಿರಲಿಲ್ಲ.

ಎಷ್ಟೋ ವರ್ಷದ ಹಿಂದೆ ಒಮ್ಮೆ ಆ ಪೇಪರ್ ಬರುವುದೇ ನಿಂತುಹೋಯಿತು. ನಾನು ನನ್ನ ಸ್ವಂತದ ಹಳೆಯ ಲ್ಯಾಪ್‌ಟಾಪನ್ನು ಅವರ ಮನೆಗೆ ಸಾಗಿಸಿ, ಇ-ಪೇಪರ್ ತೆರೆದುಕೊಟ್ಟು, ಮಹದುಪಕಾರ ಮಾಡಿದವಳಂತೆ ಕಾಫಿ ಕುಡಿದು ಬಂದೆ.

ಇ-ಪೇಪರ್ ಓದಿದವರಿಗೆ ಅದರ ಕಷ್ಟ ಗೊತ್ತು. ಅದು ಪೇಪರಲ್ಲ, ಪೇಪರಿನ ಫೋಟೋ. ಪುಟ ಪೂರ್ತಿ ಕಾಣಬೇಕೆಂದರೆ ಅಕ್ಷರ ಇರುವೆಯಾಗುತ್ತದೆ. ದೊಡ್ಡದು ಮಾಡಿದರೆ ಮಂಜಾಗುತ್ತದೆ, ಸಾಲದ್ದಕ್ಕೆ ಸಾಲಿನ ಅರ್ಧ ಪರದೆಯಾಚೆ ಓಡಿಹೋಗುತ್ತದೆ. ಅದನ್ನು ಹಿಡಿದೆಳೆದರೆ ಮೊದಲಿನ ಅರ್ಧ ಮಾಯ. ಇಂಗ್ಲಿಷಿನವರಿಗೇನು, ಎರಡು ಕಡ್ಡಿ ಜೋಡಿಸಿದರೆ ಅಕ್ಷರ ಮುಗಿಯಿತು. ನಮ್ಮದು ಸಂಸಾರವಂದಿಗ ಅಕ್ಷರ: ನೆತ್ತಿಗೊಂದು ತಲೆಕಟ್ಟು, ಪಕ್ಕಕ್ಕೊಂದು ಕೊಂಬು, ಕಾಲ ಬುಡದಲ್ಲೊಂದು ಒತ್ತು. ಪರದೆಯ ಚುಕ್ಕಿ ಕಡಿಮೆಯಾದರೆ ಈ ಇಡೀ ಸಂಸಾರ ಒಂದೇ ಕೋಣೆಯಲ್ಲಿ ಮಲಗಿದಂತಾಗುತ್ತದೆ, ಯಾರ ಕಾಲು ಯಾರದು ಎಂದು ತಿಳಿಯುವುದಿಲ್ಲ.

‘ಕಣ್ಣು ತೋರಿಸಿಕೊಳ್ಳಿ ಮಾವ, ಚಾಳೀಸು ಬದಲಾಯಿಸಬೇಕೇನೋ’ ಎಂದೆ ಒಮ್ಮೆ, ಅವರು ಗದ್ದ ಮೇಲೆತ್ತಿ, ಕಣ್ಣು ಕಿರಿದು ಮಾಡಿಕೊಂಡು ಪರದೆ ನೋಡುತ್ತಿದ್ದದ್ದನ್ನು ಕಂಡು.

‘ನನ್ನ ಕಣ್ಣಿಗೇನು ಧಾಡಿ? ಮೈಲಿ ದೂರದ ಸಿಗ್ನಲ್ ನೋಡಿದ ಕಣ್ಣು ಕಣೇ ಇದು. ಪೊರೆ ಬಂದಿರೋದು ನಿನ್ನ ಲ್ಯಾಪ್‌ಟಾಪಿಗೆ’ ಎಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಮಾವನ ಹಟಕ್ಕೆ ಒಂದು ಹಿನ್ನೆಲೆ ಉಂಟು. ರೈಲ್ವೆಯಲ್ಲಿ ಗಾಡಿಯ ಮೇಲೆ ಕೆಲಸ ಮಾಡುವವರಿಗೆ ಆಗಾಗ ಕಣ್ಣಿನ ಪರೀಕ್ಷೆ. ಅದರಲ್ಲಿ ಫೇಲಾದವನನ್ನು ಗಾಡಿಯಿಂದ ಇಳಿಸಿ ಆಫೀಸಿನಲ್ಲಿ ಫೈಲಿನ ಮುಂದೆ ಕೂರಿಸುತ್ತಾರೆ. ಹಾಗೆ ಇಳಿದವರನ್ನು ಮಾವ ಕಂಡಿದ್ದರು. ಸತ್ತವರ ಬಗ್ಗೆಯಾದರೂ ನಗುತ್ತ ಮಾತಾಡುತ್ತಿದ್ದ ಮನುಷ್ಯ, ಇಳಿದವರ ಬಗ್ಗೆ ಮಾತ್ರ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಅದಕ್ಕೇ ಗಾರ್ಡುಗಳೆಲ್ಲ ಗೋಡೆಯ ಮೇಲಿನ ಚಾರ್ಟಿನ ಅಕ್ಷರಗಳನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟು, ಮಂತ್ರದ ಹಾಗೆ ಬಾಯಿಪಾಠ ಮಾಡಿಟ್ಟುಕೊಳ್ಳುತ್ತಿದ್ದರಂತೆ. ‘ಕಣ್ಣು ಮುಚ್ಚಿಕೊಂಡು ಓದ್ತಿದ್ದೆ’ ಎಂದು ಮಾವ ಹೆಮ್ಮೆಯಿಂದ ಹೇಳುತ್ತಿದ್ದರು. ಆ ವಿದ್ಯೆ ನಿವೃತ್ತಿಯ ನಂತರವೂ ಕೈಬಿಟ್ಟಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಒಂದು ಭಾನುವಾರ.

ಅವತ್ತು ಬೆಳಿಗ್ಗೆ ಹೋದಾಗ ಓದು ಭರ್ಜರಿಯಾಗಿ ನಡೆದಿತ್ತು. ಟೊಮೆಟೊ ಬೆಲೆ ಬಿದ್ದ ಸುದ್ದಿ. ‘ಆಗ ಆ ಹೆಂಗಸು ಅಧಿಕಾರಿಯ ಜೀಪಿನ ಮೇಲೆ ಇಡೀ ಬುಟ್ಟಿ ಸುರಿದು, ಈಗ ನೀನೇ ತೂಕ ಹಾಕಯ್ಯಾ ಎಂದು ಸೆರಗು ಕಟ್ಟಿ ನಿಂತಳು’ ಎಂದು ಮಾವ ರಾಗವಾಗಿ ಓದುತ್ತಿದ್ದರು. ಪೇಪರಿನವರು ಎಷ್ಟು ಚೆನ್ನಾಗಿ ಬರೆಯಲು ಕಲಿತಿದ್ದಾರೆ ಎಂದುಕೊಂಡು ಅವರ ಬೆನ್ನ ಹಿಂದೆ ಹೋಗಿ ಬಗ್ಗಿ ನೋಡಿದೆ. ‘ಟೊಮೆಟೊ ಬೆಲೆ ಇಳಿಕೆ’ ಎಂಬ ದಪ್ಪ ತಲೆಬರಹವೇನೋ ಇತ್ತು. ಕೆಳಗಿದ್ದದ್ದು ಮಾರುಕಟ್ಟೆಗೆ ಬಂದ ಮಾಲಿನ ಒಣ ವರದಿ. ಹೆಂಗಸೂ ಇಲ್ಲ, ಬುಟ್ಟಿಯೂ ಇಲ್ಲ, ಜೀಪಂತೂ ಇಲ್ಲವೇ ಇಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಣ್ಸನ್ನೆ ಮಾಡಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

‘ಸುಮ್ಮಾ ಇರು. ನಂಗೆ ಎಲ್ಲಾ ಗೊತ್ತು.’

‘ನಿಮಗೆ ಓದಕ್ಕೇ ಬರಲ್ಲ ಅತ್ತೆ, ಹೇಗೆ ಗೊತ್ತಾಯ್ತು?’

‘ದೀಪಾವಳಿಯಿಂದ ಈಚೆಗೆ ಅವರ ಪೇಪರ್‌ನಲ್ಲಿ ಒಂದು ರೈಲೂ ಲೇಟಾಗಿಲ್ಲ ಕಣೇ! ಅಲ್ಲೇ ಸಂದೇಹ ಬಂತು. ಟೀವೀಲಿ ತಮಿಳು ನ್ಯೂಸ್ ಹಾಕಿ ನೋಡಿದ್ರೆ ಅಲ್ಲಿ ಬೇರೆ ಊರು, ಬೇರೆ ದೇಶ.’ ನಗುತ್ತ ಹೇಳುತ್ತಿದ್ದವರ ಮುಖ ಇದ್ದಕ್ಕಿದ್ದಂತೆ ಸಣ್ಣಗಾಯಿತು. ‘ನಿನ್ನೆ ಡಿಕಾಕ್ಷನ್ನ ಡಬರಾ ಪಕ್ಕದಲ್ಲಿ ಬಗ್ಗಿಸಿದ್ರು. ಪಾವಂ, ಒರೆಸಿಬಿಟ್ಟು ಗೊತ್ತೇ ಇಲ್ದಂಗೆ ಕೂತ್ರು. ಕಣ್ಣು ಹೋಗ್ತಾ ಇದೆ, ನಂಗೆ ಭಯ ಆಗತ್ತೆ. ಸುಳ್ಳು ಓದ್ತೀರಿ ಅಂದ್ರೆ ಅವಮಾನ ಆಗಿ ಓದೋದೇ ನಿಲ್ಲಿಸ್ತಾರೆ. ಅದೊಂದು ನಿಂತ್ರೆ ನಮ್ಮಿಬ್ಬರ ನಡುವೆ ಮಾತಾಡಕ್ಕೆ ಏನೇ ಇದೆ? ಮಧ್ಯಾಹ್ನಕ್ಕೆ ಯಾವ ಕೂಟು ಅನ್ನೋದು ಮಾತ್ರ.’ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಚು ಅತ್ತೆಯದೇ. ಲ್ಯಾಪ್‌ಟಾಪಿಗೆ ಪೊರೆ ಬಂದಿದೆ ಎನ್ನುತ್ತಾರಲ್ಲ, ಪೊರೆಯೇ ಇಲ್ಲದ ಲ್ಯಾಪ್‌ಟಾಪು ತಂದುಕೊಟ್ಟರೆ ಆಗ ಏನನ್ನುತ್ತಾರೆ ನೋಡೋಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಆದರೂ ಒಪ್ಪಿದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ರೆಸಲ್ಯೂಷನ್ ಇದ್ದದ್ದನ್ನು, ಪರದೆಯೂ ದೊಡ್ಡದಾಗಿದ್ದದ್ದನ್ನು ಹುಡುಕಿ ತಂದೆ. ಇ-ಪೇಪರ್ ಹಾಕಿದರೆ ಅಕ್ಷರ ಈಗತಾನೇ ಅಚ್ಚಿನಿಂದ ಇಳಿದಂತೆ ಕಪ್ಪಗೆ, ಚೂಪಾಗಿ ನಿಂತಿತು. ಒತ್ತಿನ ಬಾಲವೂ ಎಣಿಸುವಂತಿತ್ತು. ಅತ್ತೆಯೇ ದೂರದಿಂದ, ‘ಅಡಡಾ, ಜಾಂಗಿರೀಲಿ ಎಳೆ ಎಳೆಯಾಗಿ ಕಾಣತ್ತೆ!’ ಎಂದರು.

ಮಾವ ಕೂತರು. ಗದ್ದ ಎತ್ತಿದರು. ಇಳಿಸಿದರು. ಪರದೆಯನ್ನು ಪಂಚೆಯ ತುದಿಯಿಂದ ಒರೆಸಿದರು. ನಾವಿಬ್ಬರೂ ನೋಡುತ್ತಿದ್ದೆವು. ಕೊನೆಗೆ ಗಂಟಲು ಸರಿಮಾಡಿಕೊಂಡು, ‘ರೈಲ್ವೆ ಇಲಾಖೆಯ ಪ್ರಕಟಣೆ. ನಿನ್ನೆ ದಕ್ಷಿಣದ ಎಲ್ಲ ಗಾಡಿಗಳೂ ವೇಳೆಗೆ ಸರಿಯಾಗಿ...’ ಎಂದು ಶುರುಮಾಡಿದರು.

‘ಏನ್ರೀ,’ ಎಂದರು ಅತ್ತೆ ಸೊಪ್ಪಿನಿಂದ ತಲೆಯೆತ್ತದೆ, ‘ನೀವು ಗಾರ್ಡ್ ಆಗಿದ್ದಾಗ ಒಂದು ದಿನವಾದ್ರೂ ಹೇಳಿದ ಹೊತ್ತಿಗೆ ಮನೆಗೆ ಬಂದದ್ದುಂಟಾ? ನೀವು ಇಳಿದ ಮೇಲೆ ಮಾತ್ರ ದೇಶದ ಗಾಡಿಯೆಲ್ಲಾ ರೈಟ್ ಟೈಮಾ?’

ಇದೇನು ಮಾಡಿಬಿಟ್ಟರು ಅತ್ತೆ ಎಂದುಕೊಂಡೆ. ಮಾವ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು.

‘ಕಾಣಿಸ್ತಿಲ್ಲ ಪದ್ಮಾ,’ ಎಂದರು. ‘ದಪ್ಪ ಅಕ್ಷರ ಬಿಟ್ಟು ಏನೂ ಕಾಣಿಸ್ತಿಲ್ಲ. ಡಾಕ್ಟರ ಹತ್ರ ಹೋದ್ರೆ ಫೇಲ್ ಅಂದುಬಿಡ್ತಾನೆ.’

‘ಅನ್ನಲಿ. ನಾನೇನು ನಿಮ್ಮನ್ನ ಗಾಡಿಯಿಂದ ಇಳಿಸ್ತೀನಾ?’

ಮಾವ ಎದ್ದು ಹೋಗಿ ಚಪ್ಪಲಿ ಹುಡುಕಿದರು. ಅದೂ ಕಾಣಿಸಲಿಲ್ಲ. ಅತ್ತೆ ಕಾಲಿನಿಂದಲೇ ಅವರ ಕಡೆಗೆ ಸರಿಸಿಕೊಟ್ಟರು.

ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಪೊರೆ ಹಣ್ಣಾಗಿಬಿಟ್ಟಿತ್ತು, ಇಷ್ಟು ದಿನ ಹೇಗೆ ಕಾಲ ತಳ್ಳಿದಿರಿ ಎಂದು ಡಾಕ್ಟರು ಬೈದರಂತೆ. ಮಾವ ಅವರಿಗೂ ಸಿಗ್ನಲಿನ ಕಥೆ ಹೇಳಿ ಬಂದಿದ್ದರು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಆಫೀಸಿನ ಆ ಕಪ್ಪು ಪರದೆಯಲ್ಲಿ ಮಾವನ ಗದ್ದ ಕಂಡ ದಿನ ಸಂಜೆಯೇ ನಾನೂ ಹೋಗಿ ಕಣ್ಣು ತೋರಿಸಿಕೊಂಡು ಬಂದೆ. ಚಾಳೀಸು ಬಂತು. ಅಕ್ಷರವನ್ನೂ ಸಪೋರ್ಟಿನವನ ಕೈಲಿ ದೊಡ್ಡದು ಮಾಡಿಸಿಕೊಂಡೆ. ಪಕ್ಕದ ಸೀಟಿನವಳು, ‘ಏನು ಮೇಡಂ, ಬಸ್ಸಿನ ಬೋರ್ಡ್ ಓದ್ತಿದ್ದೀರಾ?’ ಎಂದಳು. ಅನ್ನಲಿ ಎಂದುಕೊಂಡೆ.

ಕಳೆದ ಭಾನುವಾರ ಬೆಳಿಗ್ಗೆ ವೇಲಚೇರಿಗೆ ಹೋದೆ. ನಾನು ಅಲ್ಲಿಗೆ ಹೋಗುವುದು ಸಾಮಾನ್ಯವಾಗಿ ಸಂಜೆ. ಬೆಳಗಿನ ಓದು ಕೇಳಿ ವರ್ಷಗಳೇ ಆಗಿದ್ದವು. ನನ್ನ ಮೂಗಿನ ಮೇಲಿದ್ದದ್ದನ್ನು ನೋಡಿ ಮಾವ ಪರಮಾನಂದದಿಂದ, ‘ಬಾ ಬಾ, ಸಂಘಕ್ಕೆ ಸೇರಿದೆಯಲ್ಲ’ ಎಂದರು. ಆಮೇಲೆ ಓದಿದರು, ಒಂದಕ್ಷರ ತಪ್ಪದೆ. ಅಪಘಾತ, ಹಗರಣ, ಮಳೆ, ತಡವಾಗಿ ಬಂದ ಗಾಡಿಗಳು, ಎಲ್ಲ ಇದ್ದದ್ದು ಇದ್ದ ಹಾಗೆ. ಅತ್ತೆ ಸೊಪ್ಪು ಬಿಡಿಸುತ್ತ ಹೂಂಗುಟ್ಟುತ್ತಿದ್ದರು.

ಕೊನೆಯ ಪುಟ ಮುಗಿಯಿತು. ನಾನು ಏಳಲು ಹೊರಟೆ.

‘ಇರೇ,’ ಎಂದು ಅತ್ತೆ ನನ್ನ ಕೈ ಹಿಡಿದು ಕೂರಿಸಿದರು. ಮಾವನ ಕಡೆ ತಿರುಗಿ, ‘ಸರಿ, ಪೇಪರ್ ಮುಗೀತು. ಈಗ ನಿಮ್ಮದು ಓದ್ರಿ, ರೈಲು ಲೇಟೇ ಆಗದ ಪೇಪರ್’ ಎಂದರು.

ಮಾವ ನನ್ನತ್ತ ಒಮ್ಮೆ ನಾಚಿಕೆಯಿಂದ ನೋಡಿದರು. ಲ್ಯಾಪ್‌ಟಾಪು ಮುಚ್ಚಿದರು, ಕನ್ನಡಕ ತೆಗೆದು ಅದರ ಮೇಲಿಟ್ಟರು, ಗಂಟಲು ಸರಿಮಾಡಿಕೊಂಡು, ‘ಅರಸೀಕೆರೆ, ಭಾನುವಾರ...’ ಎಂದು ಶುರುಮಾಡಿದರು. ನಾನೂ ಚಾಳೀಸು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತೆ.